ನಾರ್ಮಲ್ ಮುಟ್ಟಿದರೆ ಇಡೀ ಫೈಲ್ ಯಾಕೆ ಅಲ್ಲಾಡುತ್ತದೆ? ಪ್ಯಾರಾ ಸ್ಟೈಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪರಿಚಯದವರ ಪಿಎಚ್‌ಡಿ ಪ್ರಬಂಧ, ಸಂಘದ ಸ್ಮರಣ ಸಂಚಿಕೆ, ಯಾರದೋ ಮೊದಲ ಕವನ ಸಂಕಲನ, ಇಂಥವನ್ನೆಲ್ಲ ವರ್ಡ್‌ನಲ್ಲೋ ಲಿಬ್ರೆಆಫೀಸ್ ರೈಟರ್‌ನಲ್ಲೋ ಪುಟಕ್ಕೆ ಕೂರಿಸಿ ಕೊಡುವ ಕೆಲಸ ನನಗೆ ಹೇಗೋ ಅಂಟಿಕೊಂಡಿದೆ. ಬರುವ ದೂರು ಮಾತ್ರ ಒಂದೇ: "ನಾನು ಇಲ್ಲಿ ಮುಟ್ಟಿದೆ, ಅಲ್ಲೆಲ್ಲೋ ಕೆಟ್ಟಿತು." ಪ್ರತಿ ಸಲ ಫೋನಿನಲ್ಲಿ ವಿವರಿಸಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಮೆನು ಹೆಸರುಗಳು ಇಂಗ್ಲಿಷ್ ಆವೃತ್ತಿಯವು, ಕನ್ನಡ ಅಕ್ಷರದಲ್ಲಿ.

ಸ್ಟೈಲ್ ಯಾಕೆ ಬೇಕು? ಸೆಲೆಕ್ಟ್ ಮಾಡಿ ಫಾಂಟ್ ಬದಲಾಯಿಸಿದರೆ ಆಯ್ತಲ್ಲ?

ಎರಡು ಪುಟದ ಅರ್ಜಿಗೆ ಆಯ್ತು. ಇನ್ನೂರು ಪುಟಕ್ಕೆ ಆಗಲ್ಲ. ಸ್ಟೈಲ್ ಅಂದರೆ ಫಾಂಟ್, ಅಳತೆ, ಸಾಲಿನ ಅಂತರ, ಅಂಚು ಇವನ್ನೆಲ್ಲ ಒಂದು ಹೆಸರಿನ ಕೆಳಗೆ ಕಟ್ಟಿಟ್ಟ ಗಂಟು, ಅಷ್ಟೇ. ಪ್ಯಾರಾಕ್ಕೆ ಆ ಹೆಸರು ಕೊಟ್ಟರೆ ಗಂಟಿನಲ್ಲಿರುವುದೆಲ್ಲ ಅದಕ್ಕೆ ಬರುತ್ತದೆ. ನಾಳೆ ಗೈಡ್ "ಉಪಶೀರ್ಷಿಕೆ ಸ್ವಲ್ಪ ಚಿಕ್ಕದು ಮಾಡಿ" ಅಂದರೆ ಒಂದು ಕಡೆ ತಿದ್ದಿದರೆ ಸಾಕು. ವಿಷಯಸೂಚಿ ತಾನೇ ತಯಾರಾಗಬೇಕು ಅಂದರೂ ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಇರಬೇಕು; ಬೋಲ್ಡ್ ಮಾಡಿ ದೊಡ್ಡದು ಮಾಡಿದ ಸಾಲು ನಮಗೆ ಶೀರ್ಷಿಕೆಯಾಗಿ ಕಂಡರೂ ಕಂಪ್ಯೂಟರ್‌ಗೆ ಅದು ಬರೀ ದಪ್ಪ ಅಕ್ಷರ.

ನಾನು ಯಾವ ಸ್ಟೈಲೂ ಹಾಕಿಲ್ಲ. ಆದರೂ "ನಾರ್ಮಲ್" ಅಂತ ತೋರಿಸುತ್ತಿದೆ?

ಸ್ಟೈಲ್ ಇಲ್ಲದ ಪ್ಯಾರಾ ಅನ್ನುವುದೇ ಇಲ್ಲ. ಹೊಸ ಫೈಲ್ ತೆರೆದು ಮೊದಲ ಅಕ್ಷರ ಹೊಡೆಯುವ ಮುಂಚೆಯೇ ಆ ಖಾಲಿ ಪ್ಯಾರಾಕ್ಕೆ ಒಂದು ಸ್ಟೈಲ್ ಹತ್ತಿರುತ್ತದೆ. ವರ್ಡ್‌ನಲ್ಲಿ ಅದರ ಹೆಸರು ನಾರ್ಮಲ್, ರೈಟರ್‌ನಲ್ಲಿ ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್, ಗೂಗಲ್ ಡಾಕ್ಸ್‌ನಲ್ಲಿ ನಾರ್ಮಲ್ ಟೆಕ್ಸ್ಟ್. ವರ್ಡ್ ಫೈಲನ್ನು ರೈಟರ್‌ನಲ್ಲಿ ತೆರೆದರೆ ನಾರ್ಮಲ್ ಪ್ಯಾರಾಗಳೆಲ್ಲ ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ಅಂತ ಕಾಣುವುದು ಇದಕ್ಕೇ. ಹೆಸರು ಬೇರೆ, ಆಸಾಮಿ ಒಬ್ಬನೇ.

"ಬೇಸ್ಡ್ ಆನ್" ಅಂದರೆ ಏನು? ನಕಲು ಮಾಡಿಕೊಳ್ಳುತ್ತದಾ?

ಇಲ್ಲ, ನಕಲು ಅಲ್ಲ. ಎಲ್ಲ ಗೊಂದಲ ಶುರುವಾಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ.

ನೀವು "ಉದ್ಧರಣೆ" ಅಂತ ಹೊಸ ಸ್ಟೈಲ್ ಮಾಡಿ, ನಾರ್ಮಲ್ ಮೇಲೆ ಬೇಸ್ ಮಾಡಿ, ಎಡ ಅಂಚನ್ನು ಒಂದು ಸೆಂಟಿಮೀಟರ್ ಒಳಕ್ಕೆ ತಂದಿರಿ ಅಂದುಕೊಳ್ಳಿ. ಆಗ ಉದ್ಧರಣೆಯ ಲೆಕ್ಕದಲ್ಲಿ ಬರೆದಿಟ್ಟಿರುವುದು ಎರಡೇ ವಿಷಯ: ನನ್ನ ತಾಯಿ ನಾರ್ಮಲ್, ನನ್ನ ಎಡ ಅಂಚು ಒಂದು ಸೆಂಟಿಮೀಟರ್. ಫಾಂಟ್ ಯಾವುದು, ಅಳತೆ ಎಷ್ಟು, ಸಾಲಿನ ಅಂತರ ಎಷ್ಟು ಅನ್ನುವುದು ಅಲ್ಲಿ ಇರುವುದೇ ಇಲ್ಲ. ಪರದೆ ಮೇಲೆ ತೋರಿಸುವಾಗ ಪ್ರೋಗ್ರಾಂ ಪ್ರತಿ ಸಲ ತಾಯಿಯನ್ನು ಕೇಳುತ್ತದೆ. ತಾಯಿ ಹತ್ತಿರವೂ ಇಲ್ಲದಿದ್ದರೆ ಅಜ್ಜಿಯನ್ನು. ಮಗ ಬೇರೆ ಮನೆ ಮಾಡಿದರೂ ಸಾರಿನ ಪುಡಿ ಊರಿಂದಲೇ ಬರುತ್ತದೆ, ಉಪ್ಪು ಮಾತ್ರ ಅವನ ಕೈ ಅಳತೆ, ಹಾಗೆ. ಅಮ್ಮ ಪುಡಿಗೆ ಖಾರ ಜಾಸ್ತಿ ಹಾಕಿದರೆ ಮಗನ ಮನೆ ಸಾರೂ ಖಾರ. ಅಮ್ಮ ತನ್ನ ಸಾರಿನ ಉಪ್ಪು ಎಷ್ಟೇ ಬದಲಾಯಿಸಿದರೂ ಅವನಿಗೆ ತಟ್ಟುವುದಿಲ್ಲ.

ಅಂದರೆ ನಾಳೆ ನಾರ್ಮಲ್‌ನ ಫಾಂಟ್ ಬದಲಾಯಿಸಿದರೆ ಉದ್ಧರಣೆಯದ್ದೂ ಬದಲಾಗುತ್ತದೆ. ನಾರ್ಮಲ್‌ನ ಎಡ ಅಂಚು ಬದಲಾಯಿಸಿದರೆ ಉದ್ಧರಣೆ ಕದಲುವುದಿಲ್ಲ, ಯಾಕೆಂದರೆ ಅಂಚಿನ ವಿಷಯದಲ್ಲಿ ಅದಕ್ಕೆ ತನ್ನದೇ ಮಾತಿದೆ. ವರ್ಡ್‌ನಲ್ಲಿ ಮಾಡಿಫೈ ಸ್ಟೈಲ್ ಕಿಟಕಿಯ ಕೆಳಗಿನ ವಿವರಣೆ ಓದಿದರೆ ಸ್ವಂತದ್ದು ಎಷ್ಟು, ಬಂದದ್ದು ಯಾರಿಂದ ಎಂಬುದು ತಿಳಿಯುತ್ತದೆ. ಯಾರೂ ಓದುವುದಿಲ್ಲ, ಓದಿ.

ರೈಟರ್‌ನಲ್ಲಿ ಇದೇ ಪೆಟ್ಟಿಗೆಗೆ "ಇನ್‌ಹೆರಿಟ್ ಫ್ರಮ್" ಅಂತ ಹೆಸರು. ಎಫ್11 ಒತ್ತಿ ಸ್ಟೈಲ್ಸ್ ಪಟ್ಟಿ ತೆರೆದು, ಕೆಳಗೆ "ಹೈರಾರ್ಕಿಕಲ್" ಆರಿಸಿದರೆ ಇಡೀ ವಂಶವೃಕ್ಷ ಕಣ್ಣ ಮುಂದೆ. ಈ ನೋಟ ವರ್ಡ್‌ನಲ್ಲೂ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ನಾರ್ಮಲ್‌ನಲ್ಲಿ ಫಾಂಟ್ ಬದಲಾಯಿಸಿದೆ. ಹೆಡಿಂಗ್ ಮಾತ್ರ ಹಳೆಯದರಲ್ಲೇ ಉಳಿದಿದೆ. ಹೆಡಿಂಗ್‌ಗಳೂ ನಾರ್ಮಲ್‌ನ ಮಕ್ಕಳೇ ಅಲ್ವಾ?

ಮಕ್ಕಳೇ. ಆದರೆ ಫಾಂಟ್ ವಿಷಯದಲ್ಲಿ ತಾಯಿ ಮಾತು ಕೇಳುವುದಿಲ್ಲ. ವರ್ಡ್ 2007ರಿಂದ ಥೀಮ್ ಅನ್ನುವುದು ಬಂದಿದೆ. ಅದರಲ್ಲಿ ಎರಡು ಫಾಂಟ್: ಮುಖ್ಯ ಪಠ್ಯಕ್ಕೆ (ಬಾಡಿ) ಒಂದು, ಹೆಡಿಂಗ್‌ಗೆ ಒಂದು. ನಾರ್ಮಲ್ ಮೊದಲನೆಯದನ್ನು ಹಿಡಿದುಕೊಂಡಿರುತ್ತದೆ, ಹೆಡಿಂಗ್ 1, ಹೆಡಿಂಗ್ 2 ಎರಡನೆಯದನ್ನು. ಹೆಡಿಂಗ್‌ಗೆ ಸ್ವಂತ ಫಾಂಟ್ ಇದೆ, ಹಾಗಾಗಿ ನಾರ್ಮಲ್ ಎಷ್ಟು ಕುಣಿದರೂ ಅದು ಕುಣಿಯಲ್ಲ. ಡಿಸೈನ್ ಮೆನುವಿನ ಫಾಂಟ್ಸ್‌ನಲ್ಲಿ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಇಲ್ಲವೇ ಹೆಡಿಂಗ್ 1, 2, 3 ಒಂದೊಂದಾಗಿ ಮಾಡಿಫೈ ಮಾಡಿ.

ರೈಟರ್‌ನವರು ಇಲ್ಲಿ ಸ್ವಲ್ಪ ಜಾಣರು. ಅಲ್ಲಿ ಎಲ್ಲ ಶೀರ್ಷಿಕೆಗಳಿಗೂ "ಹೆಡಿಂಗ್" ಅಂತ ಒಂದು ತಾಯಿ ಸ್ಟೈಲ್ ಇದೆ. ಅದರ ಅಳತೆ 14 ಪಾಯಿಂಟ್. ಹೆಡಿಂಗ್ 1ರ ಅಳತೆಯನ್ನು ಪಾಯಿಂಟ್‌ನಲ್ಲಿ ಬರೆದಿಲ್ಲ, ತಾಯಿಯ 130% ಅಂತ ಬರೆದಿದೆ. ತಾಯಿ ದೊಡ್ಡದಾದರೆ ಮಕ್ಕಳೆಲ್ಲ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ನಿಮ್ಮ ಸ್ವಂತ ಸ್ಟೈಲ್‌ನಲ್ಲೂ ಅಳತೆಯ ಜಾಗದಲ್ಲಿ 90% ಅಂತ ಬರೆಯಬಹುದು. ವರ್ಡ್‌ನಲ್ಲಿ ಈ ಸೌಲಭ್ಯ ಇಲ್ಲ.

ವಿಶ್ವವಿದ್ಯಾಲಯದವರು ಒಂದೂವರೆ ಸಾಲಿನ ಅಂತರ ಕೇಳಿದ್ದಾರೆ. ನಾರ್ಮಲ್‌ಗೇ ಹಾಕಿಬಿಡಲಾ?

ಬೇಡ! ಹತ್ತರಲ್ಲಿ ಎಂಟು ಪ್ರಬಂಧ ಕೆಡುವುದು ಇಲ್ಲೇ. ನಾರ್ಮಲ್‌ಗೆ ಒಂದೂವರೆ ಅಂತರ, ಮೊದಲ ಸಾಲಿಗೆ ಅರ್ಧ ಇಂಚು ಒಳಸರಿತ ಹಾಕುತ್ತಾರೆ. ಪಠ್ಯ ಚೆನ್ನಾಗಿ ಕಾಣುತ್ತದೆ, ಖುಷಿ. ಆಮೇಲೆ ನೋಡಿದರೆ ಕೋಷ್ಟಕದ ಸಾಲುಗಳು ಉಬ್ಬಿಕೊಂಡಿವೆ, ಪ್ರತಿ ಖಾನೆಯಲ್ಲೂ ಅಂಕಿ ಅರ್ಧ ಇಂಚು ಬಲಕ್ಕೆ ಸರಿದಿದೆ, ಪುಟದ ತಲೆಬರಹ ಎಡ ಅಂಚಿಗೆ ಕೂರುತ್ತಿಲ್ಲ, ಅಡಿಟಿಪ್ಪಣಿಗೂ ಒಳಸರಿತ ಬಂದಿದೆ, ವಿಷಯಸೂಚಿಯೂ ವಕ್ರ. ಅವೆಲ್ಲ ನಾರ್ಮಲ್‌ನ ಮಕ್ಕಳು ಅಥವಾ ಸ್ವತಃ ನಾರ್ಮಲ್. ಆಮೇಲೆ ಒಂದೊಂದನ್ನೂ ಕೈಯಿಂದ ಸರಿಪಡಿಸುತ್ತಾ ಕೂರುತ್ತಾರೆ.

ನನ್ನ ರೂಢಿ ಹೀಗೆ: ನಾರ್ಮಲ್‌ನಲ್ಲಿ ಫಾಂಟ್, ಅಳತೆ, ಭಾಷೆ ಇಷ್ಟೇ. ಅಂತರ, ಒಳಸರಿತ, ಜಸ್ಟಿಫೈ ಯಾವುದೂ ಬೇಡ. ಮುಖ್ಯ ಪಠ್ಯಕ್ಕೆ "ಬಾಡಿ ಟೆಕ್ಸ್ಟ್" ಸ್ಟೈಲ್, ಒಂದೂವರೆ ಅಂತರ ಅಲ್ಲಿಗೆ. ಅದು ವರ್ಡ್‌ನಲ್ಲೂ ಇದೆ, ರೈಟರ್‌ನಲ್ಲೂ ಇದೆ (ರೈಟರ್‌ನ ಹಳೆಯ ಆವೃತ್ತಿಗಳಲ್ಲಿ ಟೆಕ್ಸ್ಟ್ ಬಾಡಿ). ನಾರ್ಮಲ್‌ನಲ್ಲಿ ನೇರವಾಗಿ ಏನನ್ನೂ ಟೈಪ್ ಮಾಡದೆ ಅದನ್ನು ಬರೀ ತಾಯಿಬೇರಾಗಿ ಇಟ್ಟುಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ಕೆಲವರು ಇದನ್ನು ಅತಿ ಅನ್ನುತ್ತಾರೆ. ಒಂದು ಪುಟದ ಪತ್ರಕ್ಕೆ ಅತಿಯೇ, ಒಪ್ಪುತ್ತೇನೆ.

ನಾರ್ಮಲ್‌ನಲ್ಲಿ ಏನೂ ಹಾಕಿಲ್ಲ, ಆದರೂ ಪ್ರತಿ ಪ್ಯಾರಾ ಕೆಳಗೆ 8 ಪಾಯಿಂಟ್ ಜಾಗ ಬಿಡುತ್ತಿದೆ. ಎಲ್ಲಿಂದ ಬಂತು?

ನಾರ್ಮಲ್‌ಗೂ ಒಬ್ಬ ಹಿರಿಯ ಇದ್ದಾನೆ, ಪಟ್ಟಿಯಲ್ಲಿ ಕಾಣಿಸುವುದಿಲ್ಲ. ವರ್ಡ್ ಫೈಲ್ ನಿಜಕ್ಕೂ ಒಂದು ಜಿಪ್ ಗಂಟು. ಒಳಗೆ ಸ್ಟೈಲ್‌ಗಳಿಗೇ ಒಂದು ಎಕ್ಸ್‌ಎಂಎಲ್ ಕಡತ ಇರುತ್ತದೆ. ಅದರ ತಲೆಯಲ್ಲೇ ಡಾಕ್ಯುಮೆಂಟ್ ಡೀಫಾಲ್ಟ್ಸ್ ಅಂತ ಒಂದು ಭಾಗ. ಯಾವ ಸ್ಟೈಲೂ ಏನೂ ಹೇಳದಿದ್ದಾಗ ಕೊನೆಗೆ ನಡೆಯುವುದು ಅದರ ಮಾತು. ವರ್ಡ್ 2003ರಲ್ಲಿ ಟೈಮ್ಸ್ ನ್ಯೂ ರೋಮನ್ 12 ಇತ್ತು, ಪ್ಯಾರಾ ನಡುವೆ ಜಾಗ ಇರಲಿಲ್ಲ. 2007ರಲ್ಲಿ ಕ್ಯಾಲಿಬ್ರಿ 11 ಬಂತು, ಜೊತೆಗೆ ಪ್ಯಾರಾ ಕೆಳಗೆ 10 ಪಾಯಿಂಟ್, ಸಾಲಿನ ಅಂತರ 1.15. 2013ರಲ್ಲಿ ಅದನ್ನು 8 ಪಾಯಿಂಟ್, 1.08 ಮಾಡಿದರು. ನಿಮ್ಮ 8 ಪಾಯಿಂಟ್ ಅದೇ.

ಹಾಗಾಗಿ "ಬೇಸ್ಡ್ ಆನ್" ಜಾಗದಲ್ಲಿ "ನೋ ಸ್ಟೈಲ್" ಹಾಕಿದರೂ ಸ್ಟೈಲ್ ಪೂರ್ತಿ ಬೋಳಾಗುವುದಿಲ್ಲ, ಈ ಡೀಫಾಲ್ಟ್‌ಗಳು ಬಂದೇ ಬರುತ್ತವೆ. ಬದಲಾಯಿಸಬೇಕಿದ್ದರೆ ಸ್ಟೈಲ್ಸ್ ಪಟ್ಟಿಯ ಕೆಳಗೆ ಮ್ಯಾನೇಜ್ ಸ್ಟೈಲ್ಸ್, ಅಲ್ಲಿ ಸೆಟ್ ಡೀಫಾಲ್ಟ್ಸ್.

ಸ್ಟೈಲ್‌ನಲ್ಲಿ ಫಾಂಟ್ ಬದಲಾಯಿಸಿದರೆ ಇಂಗ್ಲಿಷ್ ಪದಗಳು ಮಾತ್ರ ಬದಲಾಗುತ್ತವೆ, ಕನ್ನಡ ಹಾಗೇ ಇದೆ. ಯಾಕೆ?

ಇದು ಇಂಗ್ಲಿಷ್‌ನವರಿಗೆ ಬಾರದ, ನಮ್ಮಂಥವರಿಗೆ ಬರುವ ಕಷ್ಟ. ಇಂಗ್ಲಿಷ್ ಸಹಾಯ ಪುಟಗಳಲ್ಲಿ ಹುಡುಕಿದರೆ ಸಿಗುವುದೂ ಕಷ್ಟ.

ಪ್ರತಿ ಸ್ಟೈಲ್‌ನೊಳಗೂ ಫಾಂಟ್‌ಗೆ ಒಂದಲ್ಲ, ಹಲವು ಖಾನೆ. ಲ್ಯಾಟಿನ್ ಅಕ್ಷರಕ್ಕೆ ಬೇರೆ, ಚೀನಿ-ಜಪಾನಿಗೆ ಬೇರೆ, "ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್" ಅನ್ನುವ ಗುಂಪಿಗೆ ಬೇರೆ. ಯೂನಿಕೋಡ್ ಕನ್ನಡ (ಕಂಪ್ಯೂಟರ್ ಲೆಕ್ಕದಲ್ಲೂ ಕನ್ನಡವೇ ಆಗಿರುವ ಅಕ್ಷರ) ಕೊನೆಯ ಗುಂಪಿನಲ್ಲಿದೆ, ಅರೇಬಿಕ್, ಹೀಬ್ರೂ, ದೇವನಾಗರಿಗಳ ಜೊತೆ. ಫಾಂಟ್ ಮಾತ್ರವಲ್ಲ, ಅಳತೆ, ಬೋಲ್ಡ್, ಇಟಾಲಿಕ್‌ಗೂ ಆ ಗುಂಪಿಗೆ ಬೇರೆಯೇ ಲೆಕ್ಕ. ಒಂದೇ ಸ್ಟೈಲ್‌ನಲ್ಲಿ ಇಂಗ್ಲಿಷ್ 12, ಕನ್ನಡ 11 ಇರಬಹುದು. ಪ್ರತಿ ಖಾನೆಯೂ ತಾಯಿಯಿಂದ ತನ್ನ ದಾರಿಯಲ್ಲೇ ಬರುತ್ತದೆ. ನೀವು ಬದಲಾಯಿಸಿದ್ದು ಲ್ಯಾಟಿನ್ ಖಾನೆ. ಕನ್ನಡದ ಖಾನೆ ಖಾಲಿ ಉಳಿಯಿತು, ನಾರ್ಮಲ್ ಕೇಳಿತು, ಅಲ್ಲೂ ಖಾಲಿ, ಕೊನೆಗೆ ಥೀಮ್‌ಗೆ ಹೋಯಿತು. ವರ್ಡ್‌ನ ಮಾಮೂಲಿ ಥೀಮ್‌ನಲ್ಲಿ ಕನ್ನಡಕ್ಕೆ ಬರೆದಿಟ್ಟಿರುವುದು ತುಂಗಾ ಅನ್ನುವ ಫಾಂಟ್. ಕೇಳದೆ ತುಂಗಾ ಬರುವ ರಹಸ್ಯ ಇಷ್ಟೇ.

ಮಾಡಬೇಕಾದ್ದು: ಮಾಡಿಫೈ ಸ್ಟೈಲ್, ಎಡ ಕೆಳಗಿನ ಫಾರ್ಮ್ಯಾಟ್, ಅಲ್ಲಿ ಫಾಂಟ್. ಮೇಲೆ ಲ್ಯಾಟಿನ್ ಟೆಕ್ಸ್ಟ್, ಕೆಳಗೆ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಅಂತ ಎರಡು ಭಾಗ ಇರುತ್ತದೆ. ಕೆಳಗಿನದರಲ್ಲಿ ನೋಟೋ ಸೆರಿಫ್ ಕನ್ನಡವೋ ನಿರ್ಮಲಾ ಯುಐಯೋ ನಿಮಗೆ ಬೇಕಾದ್ದು ಹಾಕಿ, ಅಳತೆಯನ್ನೂ ಹಾಕಿ. ಎರಡನೇ ಭಾಗವೇ ಕಾಣದಿದ್ದರೆ ಆಪ್ಷನ್ಸ್‌ನ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿ ಮತ್ತೆ ತೆರೆಯಿರಿ. ರೈಟರ್‌ನಲ್ಲೂ ಹೀಗೇ, ಆಪ್ಷನ್ಸ್‌ನ ಭಾಷೆಗಳ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಗುರುತು ಹಾಕಿರಬೇಕು. ಇದನ್ನು ನಾರ್ಮಲ್‌ನಲ್ಲೇ ಮಾಡಿ. ಫಾಂಟ್ ಮಟ್ಟಿಗೆ ನಾರ್ಮಲ್ ಮುಟ್ಟಬಹುದು ಅಂತ ಆಗಲೇ ಹೇಳಿದೆ.

ಇದರ ಜೊತೆಗೇ ಇನ್ನೊಂದು. ಸಾಲಿನ ಅಂತರಕ್ಕೆ "ಎಕ್ಸಾಕ್ಟ್ಲಿ" ಅಂತ ಕೊಡಬೇಡಿ. ಇಂಗ್ಲಿಷ್‌ಗೆ ಸರಿಹೋಗುವ ಎತ್ತರದಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ನಾರ್ಮಲ್‌ನಲ್ಲಿ ಯಾರೋ ಹಾಗೆ ಕೊಟ್ಟಿದ್ದರೆ ಮಕ್ಕಳೆಲ್ಲರಿಗೂ ಅದೇ ಬಂದು, "ಸ್ತ್ರೀ"ಗೆ ಬಾಲ ಇಲ್ಲ, "ರಾಷ್ಟ್ರ"ಕ್ಕೆ ಬುಡ ಇಲ್ಲ.

ಹಳೆಯ ನುಡಿ ಫೈಲ್‌ನಲ್ಲಿ ಕ್ಲಿಯರ್ ಫಾರ್ಮ್ಯಾಟಿಂಗ್ ಒತ್ತಿದೆ. ಇಡೀ ಕನ್ನಡ ಮಾಯ!

ಮಾಯ ಆಗಿಲ್ಲ, ಕಂಟ್ರೋಲ್ ಝಡ್ ಒತ್ತಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಒಳಗಿರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆ. ನುಡಿ 01 ಇ ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟನ್ನು ಕೈಯಿಂದ ಹಾಕಿದ್ದರೆ, ಅಳಿಸಿದ ತಕ್ಷಣ ಪಠ್ಯ ನಾರ್ಮಲ್‌ನ ಫಾಂಟ್‌ಗೆ ಬೀಳುತ್ತದೆ, ವೇಷ ಕಳಚುತ್ತದೆ. ತಲೆಗೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರ, "ಕನ್ನಡ" ಅನ್ನುವ ಪದದ ನಡುವೆ ಬ್ರಿಟಿಷ್ ಪೌಂಡ್ ಚಿಹ್ನೆ, ಎಲ್ಲ ಹೊರಬರುತ್ತವೆ.

ಇಂಥ ಫೈಲ್‌ಗೆ ಕಾಂಪ್ಲೆಕ್ಸ್ ಖಾನೆಯಿಂದ ಉಪಯೋಗ ಇಲ್ಲ, ಅದನ್ನು ಆಳುವುದು ಲ್ಯಾಟಿನ್ ಖಾನೆಯೇ. ಹಾಗಂತ ನಾರ್ಮಲ್‌ನ ಲ್ಯಾಟಿನ್ ಫಾಂಟನ್ನು ನುಡಿ ಮಾಡಿಬಿಟ್ಟರೆ, ನಿಜವಾದ ಇಂಗ್ಲಿಷ್ ಪದ, ಮಿಂಚಂಚೆ ವಿಳಾಸ ಎಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸ್ಟೈಲ್ ಕೆಲಸ. ತಿರುಗಾಮುರುಗಾ ಮಾಡಿದರೆ ಎರಡು ಸಲ ದುಡಿತ.

ಸ್ಟೈಲ್ ತಿದ್ದಿದರೂ ಕೆಲವು ಪ್ಯಾರಾ ಬದಲಾಗುವುದೇ ಇಲ್ಲ.

ಯಾರೋ ಕೈಯಿಂದ ಫಾರ್ಮ್ಯಾಟ್ ಮಾಡಿದ್ದಾರೆ. ಡಾಕ್ಯುಮೆಂಟ್ ಡೀಫಾಲ್ಟ್, ತಾಯಿ ಸ್ಟೈಲ್, ಸ್ವಂತ ಸ್ಟೈಲ್, ಕ್ಯಾರೆಕ್ಟರ್ ಸ್ಟೈಲ್ (ಇಡೀ ಪ್ಯಾರಾಕ್ಕಲ್ಲ, ಆರಿಸಿದ ಅಕ್ಷರಗಳಿಗೆ ಮಾತ್ರ ಹಾಕುವ ಸ್ಟೈಲ್), ಇವೆಲ್ಲದರ ಮೇಲೆ ಕೂರುವುದು ಕೈಯಿಂದ ಮಾಡಿದ್ದು. ವರ್ಡ್‌ನಲ್ಲಿ ಪ್ಯಾರಾದ ಅಂಚು-ಅಂತರ ಸ್ಟೈಲ್‌ನ ಲೆಕ್ಕಕ್ಕೆ ಮರಳಲು ಕಂಟ್ರೋಲ್ ಕ್ಯೂ, ಅಕ್ಷರಗಳದ್ದಕ್ಕೆ ಕಂಟ್ರೋಲ್ ಸ್ಪೇಸ್. ರೈಟರ್‌ನಲ್ಲಿ ಕಂಟ್ರೋಲ್ ಎಂ. ಅಭ್ಯಾಸಬಲದಿಂದ ರೈಟರ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿದರೆ ಇಡೀ ಪ್ರೋಗ್ರಾಂ ಮುಚ್ಚಿಕೊಳ್ಳಲು ಹೊರಡುತ್ತದೆ, ನನಗೆ ಇವತ್ತಿಗೂ ಆಗುತ್ತದೆ.

ಇಡೀ ಫೈಲ್ ಸೆಲೆಕ್ಟ್ ಮಾಡಿ ಕಂಟ್ರೋಲ್ ಸ್ಪೇಸ್ ಒತ್ತುವ ಆಸೆ ಎಲ್ಲರಿಗೂ ಬರುತ್ತದೆ. ನಾನೊಮ್ಮೆ ಒತ್ತಿದೆ. ಪುಸ್ತಕದ ಹೆಸರುಗಳ ಇಟಾಲಿಕ್ ಹೋಯಿತು, ಅದು ಗೊತ್ತಿದ್ದದ್ದೇ. ಅಡಿಟಿಪ್ಪಣಿಯ ಪುಟ್ಟ ಅಂಕಿಗಳು ಕ್ಯಾರೆಕ್ಟರ್ ಸ್ಟೈಲ್‌ನಿಂದ ಮೇಲೆ ನಿಂತಿರುತ್ತವೆ ಅನ್ನುವುದು ಮರೆತಿತ್ತು. ಎಲ್ಲ ಧೊಪ್ಪೆಂದು ಸಾಲಿಗಿಳಿದು, 1956 ಅನ್ನುವ ಇಸವಿ ಪಕ್ಕ 12ನೇ ಟಿಪ್ಪಣಿ ಸೇರಿ 195612 ಆಗಿತ್ತು. ಅದನ್ನು ನೋಡಿದ್ದು ಸೇವ್ ಮಾಡಿ ಮುಚ್ಚಿ ಮಾರನೇ ದಿನ ತೆರೆದ ಮೇಲೆ.

ಸ್ಟೈಲ್ ಹಾಕಿದಾಗ ಕೆಲವು ಸಲ ನನ್ನ ಬೋಲ್ಡ್ ಉಳಿಯುತ್ತದೆ, ಕೆಲವು ಸಲ ಹೋಗುತ್ತದೆ. ವರ್ಡ್‌ಗೆ ಹುಚ್ಚಾ?

ನಿಯಮ ಇದೆ. ಪ್ಯಾರಾದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಕೈಯಿಂದ ಬೋಲ್ಡ್ ಮಾಡಿದ್ದರೆ, ಪ್ಯಾರಾ ಸ್ಟೈಲ್ ಹಾಕಿದಾಗ ವರ್ಡ್ ಅದನ್ನು ಕಿತ್ತುಹಾಕುತ್ತದೆ. ಅರ್ಧಕ್ಕಿಂತ ಕಮ್ಮಿ ಇದ್ದರೆ, ಬೇಕೆಂದೇ ಒತ್ತು ಕೊಟ್ಟ ಪದ ಅಂತ ತಿಳಿದು ಉಳಿಸುತ್ತದೆ. ಉದ್ದ ಪ್ಯಾರಾಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೂರೇ ಪದದ ಸಾಲಿನಲ್ಲಿ ಎರಡು ಪದ ಬೋಲ್ಡ್ ಇದ್ದರೆ ಮಾತ್ರ ಕೈಕೊಡುತ್ತದೆ.

ಇಟಾಲಿಕ್ ಇರುವ ಕೋಟ್ ಪ್ಯಾರಾದಲ್ಲಿ ಒಂದು ಪದಕ್ಕೆ ಎಂಫಸಿಸ್ ಅನ್ನುವ ಕ್ಯಾರೆಕ್ಟರ್ ಸ್ಟೈಲ್ ಹಾಕಿದೆ, ಅದು ನೆಟ್ಟಗಾಯಿತು!

ಆಗಬೇಕಾದ್ದೇ ಅದು. ಪ್ಯಾರಾ ಸ್ಟೈಲೂ ಇಟಾಲಿಕ್, ಕ್ಯಾರೆಕ್ಟರ್ ಸ್ಟೈಲೂ ಇಟಾಲಿಕ್ ಅಂದರೆ ವರ್ಡ್ ಎರಡನ್ನೂ ಹೊಡೆದುಹಾಕುತ್ತದೆ. ಓರೆ ಅಕ್ಷರಗಳ ನಡುವೆ ಎದ್ದು ಕಾಣುವುದು ನೆಟ್ಟಗಿನ ಪದ ತಾನೆ?

"ಸ್ಟೈಲ್ ಫಾರ್ ಫಾಲೋಯಿಂಗ್ ಪ್ಯಾರಾಗ್ರಾಫ್" ಮತ್ತು "ಬೇಸ್ಡ್ ಆನ್" ಒಂದೇನಾ?

ಅಲ್ಲ. ಮೊದಲನೆಯದು ಎಂಟರ್ ಒತ್ತಿದ ಮೇಲೆ ಯಾವ ಸ್ಟೈಲ್ ಬರಬೇಕು ಅನ್ನುವುದು, ಅದಕ್ಕೂ ವಂಶಕ್ಕೂ ಸಂಬಂಧವಿಲ್ಲ. ಹೆಡಿಂಗ್ 1ಕ್ಕೆ ಅದನ್ನು ಬಾಡಿ ಟೆಕ್ಸ್ಟ್ ಮಾಡಿ, ಆರಾಮ.

ಒಂದು ಪ್ಯಾರಾ ನಡುವಿಗೆ ತಂದರೆ ಎಲ್ಲ ಪ್ಯಾರಾಗಳೂ ನಡುವಿಗೆ ಬರುತ್ತವೆ.

ಆ ಸ್ಟೈಲ್‌ನಲ್ಲಿ "ಆಟೊಮ್ಯಾಟಿಕಲಿ ಅಪ್‌ಡೇಟ್" ಗುರುತು ಇದೆ, ತೆಗೆಯಿರಿ. ನಾರ್ಮಲ್‌ಗೆ ಈ ಆಯ್ಕೆಯೇ ಇಲ್ಲ, ಪುಣ್ಯ.

ಗೆಳೆಯನ ಫೈಲ್‌ನಿಂದ ಅಧ್ಯಾಯ ತಂದು ಅಂಟಿಸಿದೆ, ಅವನ ಹೆಡಿಂಗ್ ಬಣ್ಣ ಹೋಗಿ ನನ್ನದೇ ಬಂತು.

ಎರಡೂ ಫೈಲ್‌ನಲ್ಲಿ ಹೆಡಿಂಗ್ 1 ಇದೆ. ಒಂದೇ ಹೆಸರಿನವರಿಬ್ಬರು ಎದುರಾದರೆ, ಡೆಸ್ಟಿನೇಷನ್ ಸ್ಟೈಲ್ಸ್ ಆರಿಸಿದಾಗ, ಮನೆಯಲ್ಲಿರುವವನೇ ಗೆಲ್ಲುತ್ತಾನೆ. ಹಲವರ ಲೇಖನ ಸೇರಿಸಿ ಸಂಚಿಕೆ ಮಾಡುವಾಗ ಇದು ವರ. ಎಲ್ಲರೂ ಹೆಡಿಂಗ್, ಬಾಡಿ ಟೆಕ್ಸ್ಟ್ ಸರಿಯಾಗಿ ಹಾಕಿದ್ದರೆ ಅಂಟಿಸಿದ ಕೂಡಲೇ ಒಂದೇ ರೂಪಕ್ಕೆ ಬರುತ್ತದೆ. ನಿಜದಲ್ಲಿ ಯಾರೂ ಹಾಕಿರುವುದಿಲ್ಲ, ನಾನು ಬರೀ ಪಠ್ಯವಾಗಿ ಅಂಟಿಸಿ ಮೊದಲಿಂದ ಸ್ಟೈಲ್ ಹಾಕುತ್ತೇನೆ.

ಪ್ರತಿ ಹೊಸ ಫೈಲ್‌ಗೂ ನನ್ನ ಫಾಂಟೇ ಬರಬೇಕು. ಹಳೆಯ ಫೈಲ್‌ಗಳೂ ಬದಲಾಗುತ್ತವಾ?

ಮಾಡಿಫೈ ಕಿಟಕಿಯ ಅಡಿಯಲ್ಲಿ "ನ್ಯೂ ಡಾಕ್ಯುಮೆಂಟ್ಸ್ ಬೇಸ್ಡ್ ಆನ್ ದಿಸ್ ಟೆಂಪ್ಲೇಟ್" ಆರಿಸಿ. ಆಗ ಬದಲಾವಣೆ ನಾರ್ಮಲ್ ಡಾಟ್‌ಎಂ (Normal.dotm) ಅನ್ನುವ ಟೆಂಪ್ಲೇಟ್‌ಗೂ ಹೋಗುತ್ತದೆ. ಹಳೆಯ ಫೈಲ್‌ಗಳು ಬದಲಾಗವು. ಪ್ರತಿ ಫೈಲ್ ಹುಟ್ಟುವಾಗ ಟೆಂಪ್ಲೇಟ್‌ನಿಂದ ಸ್ಟೈಲ್‌ಗಳ ಒಂದು ಪ್ರತಿ ತೆಗೆದುಕೊಂಡು ಹೊರಟುಬಿಡುತ್ತದೆ. ಇಲ್ಲಿ ಮಾತ್ರ ನಿಜಕ್ಕೂ ನಕಲು. ಟೆಂಪ್ಲೇಟ್ ಪೂರ್ತಿ ಕೆಟ್ಟುಹೋಗಿದ್ದರೆ ವರ್ಡ್ ಮುಚ್ಚಿ ಆ ಫೈಲ್‌ನ ಹೆಸರು ಬದಲಾಯಿಸಿ, ವರ್ಡ್ ಹೊಸದೊಂದನ್ನು ತಾನೇ ಮಾಡಿಕೊಳ್ಳುತ್ತದೆ.

ಗೂಗಲ್ ಡಾಕ್ಸ್‌ನಲ್ಲಿ ಇದೆಲ್ಲ ಇದೆಯಾ?

ಚಿಕ್ಕ ಕುಟುಂಬ. ನಾರ್ಮಲ್ ಟೆಕ್ಸ್ಟ್ ತಾಯಿ, ಹೆಡಿಂಗ್‌ಗಳು ಮಕ್ಕಳು, ಮುಗಿಯಿತು. "ಸೇವ್ ಆಸ್ ಮೈ ಡೀಫಾಲ್ಟ್ ಸ್ಟೈಲ್ಸ್" ಕೊಟ್ಟರೆ ಮುಂದಿನ ಫೈಲ್‌ಗಳಿಗೂ ಬರುತ್ತದೆ. ಪತ್ರ, ವರದಿಗೆ ಸಾಕು, ಪುಸ್ತಕಕ್ಕೆ ಸಾಲದು.

ವಂಶ ಎಷ್ಟು ತಲೆಮಾರು ಇರಬೇಕು?

ಮೂರು. ನಾರ್ಮಲ್, ಅದರ ಕೆಳಗೆ ಬಾಡಿ ಟೆಕ್ಸ್ಟ್, ಅದರ ಕೆಳಗೆ ಪಠ್ಯದ ರೂಪಾಂತರಗಳು: ಅಧ್ಯಾಯದ ಮೊದಲ ಪ್ಯಾರಾ, ಉದ್ಧರಣೆ, ಪದ್ಯದ ಸಾಲು. ಕೋಷ್ಟಕದ ಪಠ್ಯ, ಚಿತ್ರದ ಅಡಿಬರಹ, ತಲೆಬರಹ ಇವನ್ನು ನೇರ ನಾರ್ಮಲ್‌ಗೇ ಕಟ್ಟಿ, ಬಾಡಿ ಟೆಕ್ಸ್ಟ್‌ಗೆ ಬೇಡ. ಏಳು ತಲೆಮಾರಿನ ಸ್ಟೈಲ್ ಇದ್ದ ಒಂದು ಫೈಲ್ ನೋಡಿದ್ದೇನೆ, ಒಂದು ಅಂಚು ಎಲ್ಲಿಂದ ಬಂತು ಅಂತ ಹುಡುಕಲು ಒಂದು ಮಧ್ಯಾಹ್ನ ಹೋಯಿತು.

ಯಾರೋ ಕೆಡಿಸಿದ ಫೈಲ್ ಕೈಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ?

ಮೊದಲು ಒಂದು ಪ್ರತಿ ತೆಗೆದಿಡಿ. ವರ್ಡ್ ಆದರೆ ಆಪ್ಷನ್ಸ್‌ನ ಅಡ್ವಾನ್ಸ್ಡ್‌ನಲ್ಲಿ "ಸ್ಟೈಲ್ ಏರಿಯಾ ಪೇನ್" ಅಗಲವನ್ನು ಮೂರು ಸೆಂಟಿಮೀಟರ್ ಮಾಡಿ ಡ್ರಾಫ್ಟ್ ನೋಟಕ್ಕೆ ಹೋಗಿ, ಪ್ರತಿ ಪ್ಯಾರಾದ ಎಡಕ್ಕೆ ಅದರ ಸ್ಟೈಲ್ ಹೆಸರು ಕಾಣುತ್ತದೆ. ಸಂಶಯ ಬಂದ ಪ್ಯಾರಾದಲ್ಲಿ ಶಿಫ್ಟ್ ಎಫ್1 ಒತ್ತಿದರೆ ಬಲಗಡೆ ವಿವರ ತೆರೆಯುತ್ತದೆ. ಅಲ್ಲಿ "ಡಿಸ್ಟಿಂಗ್ವಿಶ್ ಸ್ಟೈಲ್ ಸೋರ್ಸ್" ಗುರುತು ಹಾಕಿ, ಸ್ಟೈಲ್‌ನಿಂದ ಬಂದದ್ದು ಯಾವುದು, ಕೈಯಿಂದ ಮಾಡಿದ್ದು ಯಾವುದು ಬೇರೆಬೇರೆ ಕಾಣುತ್ತದೆ. ರೈಟರ್ 7.6 ಅಥವಾ ಮುಂದಿನದಾದರೆ ಸ್ಟೈಲ್ಸ್ ಪಟ್ಟಿಯ ಕೆಳಗಿನ "ಸ್ಪಾಟ್‌ಲೈಟ್" ಗುರುತು ಹಾಕಿ, ಪ್ರತಿ ಸ್ಟೈಲ್‌ಗೂ ಒಂದು ಬಣ್ಣ, ಒಂದು ಸಂಖ್ಯೆ ಬರುತ್ತದೆ, ಕೈಯಿಂದ ತಿದ್ದಿದ ಪ್ಯಾರಾಕ್ಕೆ ಗೀಟು ಗೀಟು. ಎಡ ಅಂಚಿನಲ್ಲಿ ಒಂದೇ ಬಣ್ಣ, ಅದರ ಮೇಲೆ ಪೂರ್ತಿ ಗೀಟು ಕಂಡಿತು ಅಂದರೆ ಇನ್ನೂರು ಪುಟವನ್ನೂ ಡೀಫಾಲ್ಟ್‌ನಲ್ಲೇ ಕೈಯಿಂದ ಮಾಡಿದ್ದಾರೆ ಅಂತ ಲೆಕ್ಕ. ಕಾಫಿ ಮಾಡಿಕೊಂಡು ಬಂದು ಕೂರಿ.